ಕೆಸುವಿನ ಎಲೆಯನ್ನು ನೀರಲ್ಲಿ ಮುಳುಗಿಸಿ ನೋಡಿ

ಮಳೆ ಹಿಡಿದ ಮೇಲೆ ಉಡುಪಿಯಲ್ಲಿ ಕೆಸುವನ್ನು ಹುಡುಕಬೇಕಾಗಿಲ್ಲ. ತೋಡಿನ ಬದಿ, ಬಾವಿಕಟ್ಟೆಯ ಹಿಂದೆ, ಎಲ್ಲ ಕಡೆ ಎದ್ದಿರುತ್ತದೆ. ಪತ್ರೊಡೆಗೆ ಕೊಯ್ಯುವಾಗ ಒಂದೆರಡು ಎಲೆ ಜಾಸ್ತಿ ಕೊಯ್ದುಕೊಳ್ಳಿ. ತೊಟ್ಟು ಹಿಡಿಯಿರಿ, ಎಲೆಯ ಮೇಲೆ ಕೈಯಾಡಿಸಬೇಡಿ. ಸೊನೆ ತಾಗಿದರೆ ತುರಿಸುತ್ತದೆ, ಮಕ್ಕಳಿಗೆ ಮೊದಲೇ ಹೇಳಿ.

ಚಮಚದಿಂದ ಒಂದು ಹನಿ ನೀರು ಬಿಡಿ. ಬಗ್ಗಿ, ಬದಿಯಿಂದ ನೋಡಿ. ಮಣಿಯ ಹಾಗೆ ಗುಂಡಗೆ ಕೂತಿದೆ, ಅಲ್ವಾ? ಹನಿಯ ಅಂಚು ಎಲೆಗೆ ತಾಗುವಲ್ಲಿ ನೀರಿನ ಒಳಗಡೆ ಆಗುವ ಕೋನವನ್ನು ವಿಜ್ಞಾನಿಗಳು ಅಳೆಯುತ್ತಾರೆ. ಅದು 90 ಡಿಗ್ರಿ ದಾಟಿದರೆ ಆ ಮೈಗೆ ನೀರು ಒಗ್ಗುವುದಿಲ್ಲ. ನಾನ್‌ಸ್ಟಿಕ್ ಕಾವಲಿಯ ಟೆಫ್ಲಾನಿನಲ್ಲಿ ಸುಮಾರು 110. ಕೆಸು, ತಾವರೆಗಳಲ್ಲಿ 150ಕ್ಕೂ ಜಾಸ್ತಿ.

ಈಗ ನನಗೆ ತುಂಬಾ ಇಷ್ಟದ ಹಂತ. ಬಕೆಟ್ಟಿನ ತುಂಬ ನೀರಿಟ್ಟು ಎಲೆಯನ್ನು ನಿಧಾನಕ್ಕೆ ಮುಳುಗಿಸಿ. ಓರೆಯಾಗಿ ನೋಡಿ. ಹಸಿರು ಎಲೆ ಬೆಳ್ಳಿಯ ತಟ್ಟೆಯಾಗಿರುತ್ತದೆ! ಸ್ವಲ್ಪ ವಾಲಿಸಿದರೆ ಬೆಳ್ಳಿ ಹೋಗಿ ಹಸಿರು, ಮತ್ತೆ ವಾಲಿಸಿದರೆ ಬೆಳ್ಳಿ. ಆ ಹೊಳಪು ಎಲೆಯದ್ದಲ್ಲ, ಗಾಳಿಯದ್ದು. ಎಲೆಯ ಮೈತುಂಬ ಕಣ್ಣಿಗೆ ಕಾಣದ ಉಬ್ಬುಗಳಿವೆ, ಅವುಗಳ ಮೇಲೆ ಮೇಣದ ಸಣ್ಣ ಹರಳುಗಳಿವೆ. ನೀರು ಉಬ್ಬುಗಳ ತುದಿಯಲ್ಲಷ್ಟೇ ನಿಲ್ಲುತ್ತದೆ. ನಡುವಿನ ಸಂದುಗಳಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ನೀರಿನೊಳಗಿಂದ ಓರೆಯಾಗಿ ಬಂದ ಬೆಳಕು ಆ ಗಾಳಿಯ ಪದರವನ್ನು ದಾಟಲಾಗದೆ ಕನ್ನಡಿಗೆ ಬಡಿದ ಹಾಗೆ ವಾಪಸಾಗುತ್ತದೆ. ಎಲೆ ಮೇಲೆತ್ತಿ ನೋಡಿ, ಒಣಗಿಯೇ ಇರುತ್ತದೆ. ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಎಂದು ಹಿರಿಯರು ಸುಮ್ನೆ ಹೇಳಿದ್ದಲ್ಲ.

ಮುಂದೆ ಎಲೆಗೆ ಚಿಟಿಕೆ ಒಲೆಬೂದಿ ಉದುರಿಸಿ ಹನಿಯನ್ನು ಉರುಳಿಸಿ. ಹನಿ ಹೋದ ದಾರಿ ಗುಡಿಸಿದಂತಿರುತ್ತದೆ. ಎಲೆ ಹೀಗೆ ತನ್ನನ್ನು ತಾನೇ ತೊಳೆದುಕೊಳ್ಳುವುದು ಹೇಗೆಂದು ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ತ್‌ಲಾಟ್ ಮತ್ತು ನೈನ್‌ಹುಯಿಸ್ 1997ರಲ್ಲಿ ತಾವರೆಯನ್ನು ಮುಂದಿಟ್ಟು ವಿವರಿಸಿದರು.

ಇನ್ನೊಂದು ಎಲೆಯ ಮೇಲೆ ಸೋಪಿನ ನೀರಿನ ಹನಿ ಬಿಡಿ. ಅದು ಹರಡಿಕೊಳ್ಳುತ್ತದೆ. ಸೋಪು ನೀರಿನ ಬಿಗುವನ್ನು ಸಡಿಲಿಸುತ್ತದೆ. ತರಕಾರಿ ಗಿಡಗಳಿಗೆ ಔಷಧಿ ಹೊಡೆಯುವವರು ಅಂಟುದ್ರವ ಬೆರೆಸುವುದೂ ಇದಕ್ಕೇ.

ಕಡೆಗೆ, ಮೊದಲಿನ ಎಲೆಯ ಮೇಲೆ ಒಂದು ಕಡೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿ. ಮೇಣ ಕಿತ್ತುಬರುತ್ತದೆ. ಮತ್ತೆ ಬಕೆಟ್ಟಿನಲ್ಲಿ ಮುಳುಗಿಸಿ. ಸುತ್ತಲೂ ಬೆಳ್ಳಿ ಹೊಳೆಯುತ್ತಿರುತ್ತದೆ, ನಡುವೆ ನಿಮ್ಮ ಹೆಬ್ಬೆರಳಿನಷ್ಟೇ ಜಾಗ ಒದ್ದೆಯಾಗಿ ಕಡುಹಸಿರು.