ಒಣ ಕೆಲಸ ಹಗಲಿಗೆ, ಅಂಟಿನ ಕೆಲಸ ರಾತ್ರಿಗೆ: ಮನೆಮಂದಿಯ ನಡುವೆ ಕೊಲಾಜ್ ಮಾಡುವ ಬಗೆ

ಚಿತ್ರ ಬರೆಯುವ ಆಸೆ ಇದ್ದವರು ಸಂಸಾರ, ಮಕ್ಕಳು, ಹಿರಿಯರ ಆರೈಕೆ ಎಂದಾದ ಮೇಲೆ ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೆ ಸೇರಿಸಿಬಿಡುವುದು ಬಹಳಷ್ಟು ಮನೆಗಳಲ್ಲಿ ನಡೆಯುತ್ತದೆ. ಅವರಲ್ಲಿ ಆಸಕ್ತಿ ಬತ್ತಿರುವುದಿಲ್ಲ, ಎಡೆಬಿಡದೆ ಕೂರುವ ಹೊತ್ತು ಸಿಗುವುದಿಲ್ಲ ಅಷ್ಟೆ. ಜಲವರ್ಣಕ್ಕೆ ಕೂತಾಗ ಕುಕ್ಕರ್ ಕೂಗಿತೆಂದು ಎದ್ದರೆ, ವಾಪಸು ಬರುವಷ್ಟರಲ್ಲಿ ಬಣ್ಣ ಒಣಗಿ ಗೆರೆ ಕಟ್ಟಿರುತ್ತದೆ. ಅಂಥವರಿಗೆ ನಾನು ಮನಸಾರೆ ಹೇಳುವ ಕಲೆ ಮಿಶ್ರ ಮಾಧ್ಯಮದ ಕೊಲಾಜ್. ಕಾಗದ, ಬಟ್ಟೆ, ದಾರ, ಬಣ್ಣ ಎಲ್ಲವೂ ಒಂದೇ ಹಲಗೆಯ ಮೇಲೆ ಕೂಡುವ ಈ ಕಲೆಯಲ್ಲಿ ಮುಕ್ಕಾಲು ಪಾಲು ಒಣ ಕೆಲಸ. ಕೂಡಿಡುವುದು, ಹರಿಯುವುದು, ಕತ್ತರಿಸುವುದು, ಜೋಡಿಸಿ ನೋಡುವುದು, ಇವನ್ನೆಲ್ಲ ಯಾವ ಗಳಿಗೆಯಲ್ಲಿ ಬೇಕಾದರೂ ಬಿಟ್ಟು ಏಳಬಹುದು. ಅಂಟು ಮತ್ತು ಬಣ್ಣದ ಹಸಿ ಕೆಲಸಕ್ಕೆ ಮಾತ್ರ ಅಡ್ಡಿಯಿಲ್ಲದ ಅರ್ಧ ಮುಕ್ಕಾಲು ಗಂಟೆ ಬೇಕು. ಈ ಎರಡನ್ನೂ ಬೇರ್ಪಡಿಸಿಕೊಂಡರೆ ಮನೆಗೆಲಸದ ನಡುವೆಯೇ ಚಿತ್ರ ಮುಗಿಯುತ್ತದೆ.

ಜೋಸೆಫ್ ಕಾರ್ನೆಲ್ ಎಂಬ ಅಮೆರಿಕದ ಕಲಾವಿದ (1903–1972) ಹೀಗೇ ಬದುಕಿದವರು. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ತಾಯಿ ಮತ್ತು ಸೆರೆಬ್ರಲ್ ಪಾಲ್ಸಿ ಇದ್ದ ತಮ್ಮನ ಜೊತೆ ಇದ್ದು, ತಮ್ಮನ ಆರೈಕೆ ಮಾಡುತ್ತ, ಹಗಲು ನೌಕರಿಗೆ ಹೋಗಿ, ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಕೊಲಾಜ್ ಮತ್ತು ಪೆಟ್ಟಿಗೆಯೊಳಗೆ ಸಣ್ಣಪುಟ್ಟ ವಸ್ತು ಜೋಡಿಸಿದ ಪೆಟ್ಟಿಗೆ ಚಿತ್ರಗಳನ್ನು ಕಟ್ಟುತ್ತಿದ್ದರು. ನಮ್ಮಲ್ಲಿ ಇದಕ್ಕೆ ಹಳೆಯ ಬೇರೇ ಇದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹಳೆ ಸೀರೆ, ಅಂಗಿಗಳ ತುಂಡು ಸೇರಿಸಿ ಹೊಲಿಯುವ ಕೌದಿ ನೋಡಿ. ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮಗು ಅತ್ತರೆ ಸೂಜಿ ಚುಚ್ಚಿಟ್ಟು ಏಳಬಹುದು, ಮತ್ತೆ ಕೂತಾಗ ಅದೇ ಹೊಲಿಗೆಯಿಂದ ಮುಂದುವರಿಯಬಹುದು. ಬಣ್ಣಕ್ಕೆ ಬಣ್ಣ ಕೂಡಿಸುವ ಅವರ ಧೈರ್ಯ ಯಾವ ಕಲಾಶಾಲೆಯ ಪಾಠಕ್ಕೂ ಕಡಿಮೆಯದಲ್ಲ.

ಕೋಣೆ ಬೇಡ, ಹಲಗೆ ಸಾಕು

ಕೆಲಸಕ್ಕೆಂದೇ ಕೋಣೆ ಸಿಗುವವರೆಗೆ ಕಾಯಬೇಡಿ. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದ ಪ್ಲೈವುಡ್ ತುಂಡು ಒಂದಿದ್ದರೆ ಸಾಕು. ಅದರ ಮೇಲೆಯೇ ಕೆಲಸ, ಎದ್ದಾಗ ಹಲಗೆ ಸಮೇತ ಮಂಚದ ಕೆಳಗೆ. ಊಟದ ಮೇಜನ್ನು ಪ್ರತಿ ಸಲ ಖಾಲಿ ಮಾಡಿ, ಮತ್ತೆ ಹರಡಿ, ಮತ್ತೆ ಎತ್ತಿಡುವ ಕಾಟದಲ್ಲೇ ಎಷ್ಟೋ ಜನರ ಉತ್ಸಾಹ ಕರಗಿಹೋಗುತ್ತದೆ.

ಮೊದಲ ಚಿತ್ರ ಸಣ್ಣದಿರಲಿ, 15 ಸೆಂಟಿಮೀಟರ್ ಚೌಕ ಅಥವಾ ಹೆಚ್ಚೆಂದರೆ ಎ4 ಅಳತೆ. ತಳಕ್ಕೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಜಲವರ್ಣದ ಕಾಗದ ಅಥವಾ ಫ್ರೇಮ್ ಅಂಗಡಿಯವರು ಬಳಸುವ ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟು ಒಳ್ಳೆಯದು. ತೆಳು ಡ್ರಾಯಿಂಗ್ ಹಾಳೆ ಅಂಟಿನ ತೇವಕ್ಕೆ ಸುರುಳಿಯಾಗುತ್ತದೆ.

ಏನನ್ನು ಕೂಡಿಡಬೇಕು, ಏನನ್ನು ಬಿಡಬೇಕು

ಮದುವೆ ಕರೆಯೋಲೆ, ಕಳೆದ ವರ್ಷದ ಕ್ಯಾಲೆಂಡರ್, ಊದುಬತ್ತಿ ಪೆಟ್ಟಿಗೆ, ಬೆಂಕಿಪೊಟ್ಟಣದ ಚಿತ್ರ, ಅಂಚೆಚೀಟಿ, ಮಕ್ಕಳ ಹಳೆ ನೋಟ್‌ಬುಕ್ಕಿನ ಹಾಳೆ, ದರ್ಜಿಯ ಅಂಗಡಿಯಲ್ಲಿ ಉಳಿದ ರವಿಕೆ ತುಂಡು, ಹರಿದ ಸೀರೆಯ ಅಂಚು, ಗೋಣಿಯ ಎಳೆ, ತೆಂಗಿನ ನಾರು ಎಲ್ಲವೂ ನಮ್ಮ ಸರಕೇ. ಖಾಲಿಯಾದ ಸಿಹಿತಿಂಡಿ ಡಬ್ಬಗಳಲ್ಲಿ ಇವನ್ನು ವಿಂಗಡಿಸಿಡಿ. ಟಿಕೆಟ್ ಒಂದು ಕಡೆ, ಬಟ್ಟೆ ಒಂದು ಕಡೆ ಎಂದು ಮಾಡುವುದಕ್ಕಿಂತ ಬಣ್ಣದ ಪ್ರಕಾರ ವಿಂಗಡಿಸುವುದು ಲೇಸು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೆಂಪಿನ ಡಬ್ಬ ತೆರೆದಾಗ ಕುಂಕುಮದ ಪೊಟ್ಟಣ, ಕರೆಯೋಲೆಯ ಅಂಚು, ಸೀರೆಯ ತುಂಡು ಒಟ್ಟಿಗೆ ಕಣ್ಣಿಗೆ ಬಿದ್ದರೆ ಚಿತ್ರ ಅಲ್ಲೇ ಅರ್ಧ ಹುಟ್ಟುತ್ತದೆ.

ಕೆಲವು ಕಾಗದಗಳ ಗುಣ ತಿಳಿದಿರಬೇಕು. ದಿನಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುವುದರಿಂದ ಬೆಳಕಿಗೆ ಬೇಗ ಹಳದಿಯಾಗುತ್ತದೆ. ಆ ಹಳದಿಯೇ ಬೇಕೆಂದರೆ ಬಳಸಿ, ಇಲ್ಲದಿದ್ದರೆ ಅದರ ಜೆರಾಕ್ಸ್ ತೆಗೆಸಿ. ಎಟಿಎಂ ಚೀಟಿ, ಯಂತ್ರದಿಂದ ಬರುವ ಅಂಗಡಿ ಬಿಲ್ಲುಗಳಲ್ಲಿ ಸಾಮಾನ್ಯವಾಗಿ ಶಾಯಿಯೇ ಇರುವುದಿಲ್ಲ. ಬಿಸಿ ತಾಗಿದರೆ ಕಪ್ಪಾಗುವ ಲೇಪನ ಇರುತ್ತದೆ. ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸುತ್ತವೆ, ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟರೆ ಇಡೀ ಚೀಟಿ ಕಪ್ಪು. ಇವಕ್ಕೂ ಜೆರಾಕ್ಸೇ ದಾರಿ. ಇಂಕ್‌ಜೆಟ್ ಪ್ರಿಂಟರಿನ ಮುದ್ರಣ ಅಂಟು ತಾಗಿದರೆ ಹರಡುವುದು ಹೆಚ್ಚು, ಜೆರಾಕ್ಸ್ ಅಥವಾ ಲೇಸರ್ ಮುದ್ರಣ ಹರಡುವುದಿಲ್ಲ.

ಅಜ್ಜಿಯ ನೀಲಿ ಇನ್‌ಲ್ಯಾಂಡ್ ಪತ್ರ, ಅಪ್ಪ ಅಮ್ಮನ ಮದುವೆಯ ಫೋಟೊ ಇಂಥವುಗಳ ಮೂಲ ಪ್ರತಿಗೆ ಎಂದೂ ಕತ್ತರಿ ಹಾಕಬೇಡಿ. ಬಣ್ಣದ ಜೆರಾಕ್ಸ್ ತೆಗೆಸಿ ಅದನ್ನು ಕತ್ತರಿಸಿ. ಕರೆಯೋಲೆಯ ಮೇಲಿನ ಗಣಪತಿ, ಕ್ಯಾಲೆಂಡರಿನ ಲಕ್ಷ್ಮಿಯ ವಿಷಯದಲ್ಲಿ ಮನೆಯ ಹಿರಿಯರನ್ನು ಮೊದಲೇ ಕೇಳಿ. ದೇವರ ಚಿತ್ರ ಕತ್ತರಿಸುವುದು ಅತ್ತೆಯವರಿಗೋ ಅಜ್ಜನಿಗೋ ಸರಿಬರದಿದ್ದರೆ ಆ ಭಾಗ ಬಿಟ್ಟು ಅಂಚಿನ ಬಳ್ಳಿ, ಚಿನ್ನದ ಗೆರೆಗಳನ್ನಷ್ಟೇ ತೆಗೆದುಕೊಳ್ಳಿ. ಅವರ ಬಳಿ ಕೇಳಿದ್ದರಿಂದಲೇ ಹಳೆ ಟ್ರಂಕಿನ ಸೀರೆ ತುಂಡುಗಳು ಹೊರಬರುವುದೂ ಉಂಟು.

ಭಾನುವಾರದ ಬಣ್ಣ

ಫ್ರಾನ್ಸಿನ ಹೆನ್ರಿ ಮಾತಿಸ್ 1941ರ ಶಸ್ತ್ರಚಿಕಿತ್ಸೆಯ ನಂತರ ಹೆಚ್ಚಾಗಿ ಹಾಸಿಗೆ ಮತ್ತು ಗಾಲಿಕುರ್ಚಿಗೆ ಸೀಮಿತರಾದರು. ಆಗ ಹಾಳೆಗಳಿಗೆ ಬಣ್ಣ ಬಳಿಯುವುದನ್ನು ಸಹಾಯಕರಿಗೆ ಬಿಟ್ಟು, ಅವನ್ನು ಕತ್ತರಿಯಿಂದ ಕತ್ತರಿಸಿ ಚಿತ್ರ ಮಾಡಿದರು. ನಿಮ್ಮ ಮನೆಯ ಸಹಾಯಕರು ಮಕ್ಕಳೇ. ಭಾನುವಾರ ಬೆಳಗ್ಗೆ ಅವರಿಗೆ ಹಳೆ ಹಾಳೆ, ಅಗಲ ಕುಂಚ, ಎರಡು ಮೂರು ಬಣ್ಣ ಕೊಟ್ಟು ಹಾಳೆ ತುಂಬ ಬಳಿಯಲು ಹೇಳಿ. ಬಾಚಣಿಗೆಯಿಂದ ಗೀರಲಿ, ಕತ್ತರಿಸಿದ ಬೆಂಡೆಕಾಯಿಯಿಂದ ಅಚ್ಚೊತ್ತಲಿ. ಮೇಣದ ಕ್ರೆಯಾನ್‌ನಿಂದ ಗೀಚಿ ಮೇಲೆ ನೀರು ಬಣ್ಣ ಬಳಿದರೆ ಮೇಣ ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ, ಗೆರೆ ಎದ್ದು ಕಾಣುತ್ತದೆ. ಗಟ್ಟಿ ಡಿಕಾಕ್ಷನ್ ಬಳಿದರೆ ಬಿಳಿ ಹಾಳೆಗೆ ಹಳೆ ಕಾಗದದ ಕಂದು ಬರುತ್ತದೆ. ಅರಿಶಿನದ ಹಳದಿ ಚೆಂದ ಕಂಡರೂ ಬಿಸಿಲಿಗೆ ಮಾಸಿಬಿಡುತ್ತದೆ, ನೆಚ್ಚಿಕೊಳ್ಳಬೇಡಿ.

ಮಕ್ಕಳಿಗೆ ಅವರದೇ ಬೇರೆ ಹಾಳೆ ಇರಲಿ, ಅವರ ಚಿತ್ರ ಅವರಿಗೆ. ಅವರು ಒಪ್ಪಿ ಕೊಟ್ಟ ತುಂಡುಗಳಷ್ಟೇ ನಿಮ್ಮ ಡಬ್ಬಕ್ಕೆ. ಮೂರು ವರ್ಷದೊಳಗಿನವರ ಕೈಗೆ ಗುಂಡಿ, ಮಣಿ ಸಿಗದಂತೆ ನೋಡಿಕೊಳ್ಳಿ. ಬ್ಲೇಡು, ಕಟ್ಟರ್ ಬೀಗದೊಳಗೆ.

ನಿಮ್ಮ ಚಿತ್ರದ ಮೇಲೆ ಬಳಿಯಲು ಮಾತ್ರ ಅಕ್ರಿಲಿಕ್ ತೆಗೆದುಕೊಳ್ಳಿ. ಪೋಸ್ಟರ್ ಬಣ್ಣ ಒಣಗಿದ ಮೇಲೂ ನೀರು ತಾಗಿದರೆ ಕರಗುತ್ತದೆ, ಅಂಟು ಹಚ್ಚುವಾಗ ಎಲ್ಲ ಕಲಸಿಹೋಗುತ್ತದೆ. ಅಕ್ರಿಲಿಕ್ ಒಣಗಿದರೆ ಮತ್ತೆ ಕರಗದು. ಅದಕ್ಕೇ ಕುಂಚವೂ ಒಣಗಬಾರದು. ಮಗು ಎದ್ದು ಅಳತೊಡಗಿದರೆ ಕುಂಚವನ್ನು ನೀರಿನ ಡಬ್ಬಿಗೆ ಹಾಕಿ ಏಳಿ. ಬಣ್ಣ ಉಳಿಸಲು ಮುಚ್ಚಳವಿರುವ ಟಿಫಿನ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ಹಿಂಡಿ. ಮುಚ್ಚಿಟ್ಟರೆ ಮಾರನೆಯ ದಿನವೂ ಹಸಿಯಾಗಿಯೇ ಇರುತ್ತದೆ.

ಜೋಡಿಸಿ, ಫೋಟೊ ತೆಗೆಯಿರಿ

ಸಂಜೆ ಮಕ್ಕಳ ಹೋಂವರ್ಕ್ ನಡೆಯುವಾಗ ಪಕ್ಕದಲ್ಲಿ ಕೂತು ಮಾಡಬಹುದಾದ ಕೆಲಸ ಇದು. ದೊಡ್ಡ ತುಂಡು ಒಂದೆರಡು, ಮಧ್ಯಮದವು ಮೂರು ನಾಲ್ಕು, ಚಿಕ್ಕವು ಕೆಲವು ಎಂದು ಆರಿಸಿ. ಎಲ್ಲವೂ ಒಂದೇ ಅಳತೆಯಾದರೆ ಕಣ್ಣಿಗೆ ನಿಲ್ಲಲು ಜಾಗ ಸಿಗುವುದಿಲ್ಲ. ಒಂದಿಷ್ಟು ಖಾಲಿ ಬಿಡಿ. ಕತ್ತರಿಸಿದ ಅಂಚಿನ ಜೊತೆ ಹರಿದ ಅಂಚೂ ಇರಲಿ. ದಪ್ಪ ಮುದ್ರಿತ ಕಾಗದವನ್ನು ಹರಿಯುವಾಗ ಒಂದು ತುಂಡಿಗೆ ಬಿಳಿ ಅಂಚು ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ. ಹರಿಯುವ ದಿಕ್ಕು ಬದಲಿಸಿ ನೋಡಿದರೆ ಎರಡೂ ಕೈವಶವಾಗುತ್ತವೆ. ಕಣ್ಣು ಕಿರಿದು ಮಾಡಿ ನೋಡಿ, ಹಲಗೆಯನ್ನು ತಲೆಕೆಳಗು ಮಾಡಿಯೂ ನೋಡಿ. ಭಾರ ಒಂದೇ ಕಡೆ ಬಿದ್ದಿದ್ದರೆ ಆಗ ತಿಳಿಯುತ್ತದೆ.

ಇಷ್ಟವಾದೊಡನೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಇದನ್ನು ಬಿಡಲೇಬೇಡಿ. ಫ್ಯಾನ್ ಗಾಳಿ, ಬೆಕ್ಕು, ಅಂಬೆಗಾಲಿಡುವ ಮಗು ಯಾವುದು ಬಂದರೂ ಜೋಡಣೆ ಉಳಿಯುತ್ತದೆ. ತುಂಡುಗಳ ಹಿಂದೆ ಪೆನ್ಸಿಲಿನಿಂದ ಅಂಕಿ ಬರೆದು ಲಕೋಟೆಗೆ ಹಾಕಿಟ್ಟರೆ ವಾರ ಬಿಟ್ಟು ತೆಗೆದರೂ ಗೊಂದಲವಿಲ್ಲ.

ಅಂಟಿನ ರಾತ್ರಿ

ವಾರದಲ್ಲಿ ಒಂದೋ ಎರಡೋ ರಾತ್ರಿ ಈ ಕೆಲಸಕ್ಕೆ ಎಂದು ಮನೆಯಲ್ಲಿ ಮೊದಲೇ ಹೇಳಿಬಿಡಿ. ಆ ಅರ್ಧ ಗಂಟೆ ಬಾಗಿಲು ತೆರೆಯುವುದು, ಹಾಲು ಕಾಯಿಸುವುದು, ಮಗುವಿಗೆ ನೀರು ಕೊಡುವುದು ಇನ್ನೊಬ್ಬರ ಪಾಲು. ಇದನ್ನು ಸಂಕೋಚವಿಲ್ಲದೆ ಕೇಳಿ. ಪರೀಕ್ಷೆಯ ವಾರ, ಹಬ್ಬದ ವಾರ ಬಂದರೆ ಅಂಟಿನ ರಾತ್ರಿ ಬಿಡಿ, ಕೂಡಿಡುವ ಕೆಲಸ ಮಾತ್ರ ನಡೆಯಲಿ.

ತೆಳು ಕಾಗದಕ್ಕೆ ಎರಡು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು ಬೆರೆಸಿ. ದಪ್ಪ ಕರೆಯೋಲೆಗೆ ನೀರು ಬೇಡ. ಕೆಳಗಿನ ದೊಡ್ಡ ತುಂಡಿನಿಂದ ಶುರು ಮಾಡಿ ಮೇಲಿನ ಚಿಕ್ಕದಕ್ಕೆ ಬನ್ನಿ, ಫೋಟೊ ಎದುರಿಗಿರಲಿ. ಒದ್ದೆಯಾದ ಕಾಗದ ಹಿಗ್ಗುತ್ತದೆ. ಅಂಟು ಹಚ್ಚಿದ ಕೂಡಲೇ ಒತ್ತಿದರೆ, ತಳಕ್ಕೆ ಅಂಟಿಕೊಂಡ ಮೇಲೆ ಹಿಗ್ಗಿ ಸುಕ್ಕು ಬೀಳುತ್ತದೆ. ಆದ್ದರಿಂದ ಹಚ್ಚಿ ಅರ್ಧ ನಿಮಿಷ ಬಿಡಿ, ಹಿಗ್ಗುವಷ್ಟು ಹಿಗ್ಗಲಿ, ಆಮೇಲೆ ಕೂರಿಸಿ. ನಡುವಿನಿಂದ ಅಂಚಿನ ಕಡೆಗೆ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಸವರಿ ಗಾಳಿ ಹೊರಹಾಕಿ. ಒಂದೇ ಬದಿಗೆ ಕಾಗದ ಅಂಟಿಸಿದ ಬೋರ್ಡು ಒಣಗುವಾಗ ಆ ಬದಿಗೇ ಬಾಗುತ್ತದೆ. ಹಿಂಬದಿಗೂ ಒಂದು ಬಿಳಿ ಹಾಳೆ ಅಂಟಿಸಿದರೆ ನೆಟ್ಟಗೆ ನಿಲ್ಲುತ್ತದೆ. ಮೇಲೆ ಕೆಳಗೆ ಬಟರ್ ಪೇಪರ್ ಇಟ್ಟು ದಪ್ಪ ಪುಸ್ತಕಗಳ ಅಡಿಯಲ್ಲಿ ರಾತ್ರಿಯಿಡೀ ಬಿಡಿ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನವರು ಎರಡು ಮೂರು ದಿನ ಕೊಡಬೇಕು, ದಿನಕ್ಕೊಮ್ಮೆ ಬಟರ್ ಪೇಪರ್ ಬದಲಿಸಬೇಕು, ಇಲ್ಲವಾದರೆ ಬೂಷ್ಟು.

ಮೈದಾ ಅಂಟಿನ ಬಗ್ಗೆ ಒಂದು ಮಾತು. ಎರಡು ಚಮಚ ಮೈದಾವನ್ನು ಒಂದು ಲೋಟ ನೀರಿಗೆ ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಒಳ್ಳೆಯ ಅಂಟಾಗುತ್ತದೆ, ಮಕ್ಕಳ ಕೈಗೂ ಹಿತ. ಆದರೆ ಜಿರಲೆಗೂ ಪುಸ್ತಕದ ಹುಳುವಿಗೂ ಅದು ಊಟವೇ. ಪುಸ್ತಕ ಬೈಂಡ್ ಮಾಡುವವರು ಹುಳು ಬಾರದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಖಂಡಿತ ಬೇಡ. ಮಕ್ಕಳ ಆಟದ ಚಿತ್ರಗಳಿಗೆ ಮೈದಾ, ಉಳಿಯಬೇಕಾದ ಚಿತ್ರಕ್ಕೆ ಫೆವಿಕಾಲ್ ಎಂದು ಇಟ್ಟುಕೊಳ್ಳಿ.

ಬಟ್ಟೆ, ದಾರ, ಗುಂಡಿ

ಬಟ್ಟೆಯನ್ನು ಹಾಗೆಯೇ ಕತ್ತರಿಸಿದರೆ ಎಳೆ ಬಿಡುತ್ತದೆ. ಹತ್ತಿ ಬಟ್ಟೆಯಾದರೆ ಮೊದಲು ಗಂಜಿ ಹಾಕಿ ಇಸ್ತ್ರಿ ಮಾಡಿ, ಗರಿಗರಿಯಾದ ಮೇಲೆ ಕತ್ತರಿಸಿ. ಕಾಗದದ ಮೇಲೆ ಹೊಲಿಯುವುದಿದ್ದರೆ ದಬ್ಬಣದಿಂದ ಮೊದಲೇ ರಂಧ್ರ ಮಾಡಿಕೊಂಡು, ಅರ್ಧ ಸೆಂಟಿಮೀಟರಿಗಿಂತ ಹತ್ತಿರ ಹೊಲಿಗೆ ಹಾಕಬೇಡಿ. ರಂಧ್ರಗಳು ಒತ್ತಾದರೆ ಅಂಚೆಚೀಟಿಯ ಹಾಳೆಯಂತೆ ಅದೇ ಗೆರೆಯಲ್ಲಿ ಹರಿದುಬರುತ್ತದೆ. ಗುಂಡಿಯನ್ನು ಅಂಟಿಸುವುದಕ್ಕಿಂತ ಹೊಲಿಯುವುದೇ ಗಟ್ಟಿ. ಹೊಲಿಗೆ ಕೊಲಾಜಿನಲ್ಲಿ ನನಗೆ ಬಹಳ ಪ್ರಿಯವಾದ ಭಾಗ, ರೈಲಿನಲ್ಲಿ, ಆಸ್ಪತ್ರೆಯ ಸರದಿಯಲ್ಲಿ, ಮಕ್ಕಳ ಸಂಗೀತದ ಕ್ಲಾಸಿನ ಹೊರಗೆ ಎಲ್ಲಿ ಬೇಕಾದರೂ ಸಾಗುತ್ತದೆ.

ಗೋಡೆಗೆ

ಪೂರ್ತಿ ಒಣಗಿದ ಮೇಲೆ ಕಾಗದದ ಭಾಗಕ್ಕೆ ಅಕ್ರಿಲಿಕ್ ಮ್ಯಾಟ್ ವಾರ್ನಿಷ್ ಒಂದು ಕೈ ಬಳಿಯಿರಿ. ಫೆವಿಕಾಲ್ ಅನ್ನೇ ಮೇಲಿನ ಲೇಪವಾಗಿ ಬಳಸಿದರೆ ತೇವದ ದಿನಗಳಲ್ಲಿ ಜಿಗುಟು ಬರುತ್ತದೆ. ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಮೌಂಟ್, ಅಂದರೆ ಚಿತ್ರದ ಸುತ್ತ ಕೂರುವ ದಪ್ಪ ರಟ್ಟಿನ ಚೌಕಟ್ಟು, ಹಾಕಿಸಿ. ಗುಂಡಿ, ದಾರ ಉಬ್ಬಿದ್ದರೆ ಆಳದ ಫ್ರೇಮ್ ಎಂದು ಅಂಗಡಿಯವರಿಗೆ ಹೇಳಿ. ಹಿಂಬದಿಯಲ್ಲಿ ತಾರೀಖು, ಬಣ್ಣ ಬಳಿದ ಮಕ್ಕಳ ಹೆಸರು, ಸೀರೆ ತುಂಡು ಯಾರದ್ದೆಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಅಡುಗೆಮನೆಯ ಹಬೆ, ಬಚ್ಚಲ ಪಕ್ಕದ ಗೋಡೆ, ನೇರ ಬಿಸಿಲು ಬೀಳುವ ಜಾಗ ಈ ಮೂರನ್ನು ಬಿಟ್ಟು ಎಲ್ಲಿ ಬೇಕಾದರೂ ತೂಗುಹಾಕಬಹುದು.