ಸಮೋವಾ ದ್ವೀಪಗಳಲ್ಲಿ ಸಭಾಸೇವೆಗೆ ಹೊರಡುವವರಿಗೆ

ಪೆಸಿಫಿಕ್ ಸಾಗರದ ಸಮೋವಾದಲ್ಲಿ ಯುವಜನರ ಮತ್ತು ಸ್ತ್ರೀಯರ ನಡುವೆ ಕ್ರೈಸ್ತ ಸಭೆಯ ಸೇವೆ ಮಾಡಬಯಸುವವರು ಜೂನ್‌ನಿಂದ ಆಗಸ್ಟ್‌ವರೆಗಿನ ಒಣಹವೆಯ ತಿಂಗಳುಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ನಮ್ಮ ಬೇಸಿಗೆ ರಜೆಯ ಏಪ್ರಿಲ್‌ನಲ್ಲಿ ಅಲ್ಲಿ ಮಳೆಗಾಲ ಇನ್ನೂ ಮುಗಿದಿರುವುದಿಲ್ಲ. 1830ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಧರ್ಮಪ್ರಚಾರಕ ಜಾನ್ ವಿಲಿಯಮ್ಸ್ ಬಂದಿಳಿದ ಈ ನಾಡಿನಲ್ಲಿ ಊರೂರಿಗೂ ಕ್ರೈಸ್ತ ದೇವಾಲಯವಿರುವುದರಿಂದ, ಕಲಿಸಲು ಬಂದವರಂತಲ್ಲದೆ ಜೊತೆಗೂಡಲು ಬಂದವರಂತೆ ನಡೆದುಕೊಳ್ಳಬೇಕು.

ಮೊದಲು ಊರಿನ ಸಭಾಪಾಲಕರನ್ನೂ (ಪಾದ್ರಿಗಳನ್ನೂ) ಮನೆತನಗಳ ಹಿರಿಯರಾದ ಮತಾಯಿಗಳನ್ನೂ ಕಂಡು ಒಪ್ಪಿಗೆ ಪಡೆಯಿರಿ. ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತೇ ಮಾತನಾಡಿ. ಹಿರಿಯರ ಕಡೆಗೆ ಕಾಲು ಚಾಚುವುದು ಅಲ್ಲಿಯೂ ಅಗೌರವವೇ.

ಸಂಜೆ ಶಂಖ ಊದಿದಾಗ, ಅಥವಾ ಮರಕ್ಕೆ ತೂಗುಹಾಕಿದ ಹಳೆಯ ಗ್ಯಾಸ್ ಸಿಲಿಂಡರನ್ನು ಬಡಿದಾಗ, ‘ಸಾ’ ಎಂಬ ಮನೆಪ್ರಾರ್ಥನೆಯ ಹೊತ್ತು ಆರಂಭವಾಗುತ್ತದೆ. ಆಗ ರಸ್ತೆಯಲ್ಲಿ ಅಡ್ಡಾಡದೆ ಇದ್ದಲ್ಲಿಯೇ ಕುಳಿತು, ಮತ್ತೆ ಸದ್ದು ಕೇಳುವವರೆಗೆ ಕಾಯಿರಿ. ಯುವಕರ ಕೂಟವನ್ನು ಇದಕ್ಕೆ ಮುಂಚೆ ಇಟ್ಟುಕೊಳ್ಳುವುದಕ್ಕಿಂತ, ಪ್ರಾರ್ಥನೆ ಮುಗಿದ ಮೇಲೆ ಅವರ ಗಾನವೃಂದದ ಅಭ್ಯಾಸಕ್ಕೆ ಹೋಗಿ ಕೂರುವುದೇ ಮೇಲು.

ಸ್ತ್ರೀಯರ ಜೊತೆಗಿನ ಮಾತುಕತೆಗೆ ಪ್ರತ್ಯೇಕ ಸಭೆ ಬೇಕಿಲ್ಲ. ಚಾಪೆ ನೇಯುವಲ್ಲಿ ಕುಳಿತು ಓಲೆಯ ಸೀಳುಗಳನ್ನು ಎತ್ತಿಕೊಟ್ಟರೆ ಸಾಕು. ಭಾನುವಾರದ ಆರಾಧನೆಗೆ ಬಿಳಿಯ ಉಡುಪು ಒಂದು ಜೊತೆಯಾದರೂ ಇರಲಿ.