ಕೆಟ್ಟ ಸಾಮಾನಿನ ಶನಿವಾರಗಳು: ನನ್ನ ಅನುಭವ

ಹುಡುಗಿಯರನ್ನು ಎಂಜಿನಿಯರಿಂಗ್ ಕಡೆಗೆ ಸೆಳೀತೀನಿ ಅಂತ ಹೊರಟಾಗ ಜೊತೆಯ ಎಂಜಿನಿಯರುಗಳೇ ನಕ್ಕಿದ್ದರು. ‘ಒಂದು ಭಾಷಣ ಮಾಡಿ, ಸರ್ಟಿಫಿಕೇಟ್ ಹಂಚಿ ಬಾ, ಸಾಕು’ ಅಂದಿದ್ದರು. ಐದು ವರ್ಷ ಆಯ್ತು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳ್ತಾರೆ.

ಮೊದಲ ವರ್ಷ ಪೂರ್ತಿ ದಂಡ. ಸಾಧಕಿಯರ ಸ್ಲೈಡ್ ತೋರಿಸಿದೆ, ಹಿಂದಿನ ಸಾಲು ಆಕಳಿಸಿತು. ರೋಬೋ ಕಿಟ್ ತರಿಸಿದೆ, ಎರಡು ತಿಂಗಳ ಸಂಬಳ ಅಲ್ಲಿಗೇ ಹೋಯ್ತು. ಅದೂ ಗುಲಾಬಿ ಬಣ್ಣದ್ದೇ ಆರಿಸಿದ್ದೆ, ನನ್ನ ಬುದ್ಧಿಗಿಷ್ಟು! ಪುಸ್ತಕ ನೋಡಿ ಜೋಡಿಸಿದರು, ಓಡಿತು, ಮುಗೀತು. ಹೆಸರು ಕೊಟ್ಟ ಮೂವತ್ತು ಜನರಲ್ಲಿ ಮೂರನೇ ಶನಿವಾರಕ್ಕೆ ಉಳಿದವರು ಏಳೋ ಎಂಟೋ.

ಕಾಸು ಖಾಲಿಯಾದ ಮೇಲೆ ಬುದ್ಧಿ ಬಂತು. ಪರಿಚಯದವರ ಅಟ್ಟ ಸೇರಿದ್ದ ಕೆಟ್ಟ ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನ್, ಹೇರ್ ಡ್ರೈಯರ್ ಎಲ್ಲ ಹೊತ್ತು ತಂದೆ. ಖರ್ಚು ಅಂದರೆ ನಾಲ್ಕು ಮಲ್ಟಿಮೀಟರ್ (ದಾರಿ ಕಡಿಯದೆ ಕೂಡಿದ್ದರೆ ಬೀಪ್ ಅನ್ನುವ ಮೀಟರ್), ಸ್ಕ್ರೂಡ್ರೈವರ್, ಬೆಸುಗೆ ತಂತಿ. ಕಿಟ್ಟಿಗೆ ಸುರಿದದ್ದರಲ್ಲಿ ಹತ್ತನೇ ಒಂದು ಭಾಗವೂ ಇಲ್ಲ. ಕರೆಂಟಿಗೆ ಚುಚ್ಚುವ ಕೆಲಸ ಮಾತ್ರ ನನ್ನದೇ, ಅದೂ ಶಾರ್ಟ್ ಆದರೆ ಕರೆಂಟನ್ನು ಮಿತಿಯಲ್ಲಿಡುವ ಸೀರೀಸ್ ಬಲ್ಬ್ ಇಟ್ಟು.

ಒಬ್ಬಳು ಹೇರ್ ಡ್ರೈಯರ್ ಬಿಚ್ಚಿ, ಮೀಟರಿನ ಕಡ್ಡಿ ಇಡುತ್ತ ಹೋದಳು. ಬಿಸಿ ಮಿತಿ ಮೀರಿದರೆ ಕರಗಿ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸಿನ ಹತ್ತಿರ ಬೀಪ್ ನಿಂತಿತು. ಹೊಸದು ಕೊಟ್ಟೆ. ಬೆಸುಗೆ ಹಾಕತೊಡಗಿದಳು, ನಾನು ಬಾಯಿ ಬಿಡಲಿಲ್ಲ. ಮತ್ತೆ ಮೀಟರ್ ಇಟ್ಟರೆ ಬೀಪ್ ಇಲ್ಲ. ಮುಖ ಸಣ್ಣದಾಯ್ತು. ಫ್ಯೂಸನ್ನು ಬೆಳಕಿಗೆ ಹಿಡಿದು, ಮೈಮೇಲಿದ್ದ 142 ಡಿಗ್ರಿ ಓದಿದಳು. ನಮ್ಮ ಸಾಲ್ಡರಿಂಗ್ ಐರನ್ 350ರ ಆಸುಪಾಸು. ‘ಮೇಡಂ, ನಾನೇ ಸುಟ್ಟುಬಿಟ್ಟೆ ಅಲ್ವಾ?’ ಇನ್ನೊಂದನ್ನು ಬೆಸುಗೆಯಿಲ್ಲದೆ, ಲೋಹದ ಕೊಳವೆ ಹಾಕಿ ಒತ್ತಿ ಕೂರಿಸಿದಳು. ಅವಳೀಗ ಎಲೆಕ್ಟ್ರಿಕಲ್ ಎರಡನೇ ವರ್ಷ.

ನಡುವೆ ಹುಡುಗರನ್ನೂ ಸೇರಿಸಿ ನೋಡಿದೆ. ಹತ್ತೇ ನಿಮಿಷಕ್ಕೆ ಸ್ಕ್ರೂಡ್ರೈವರ್ ಅವರ ಕೈಗೆ, ಟಿಪ್ಪಣಿ ಪುಸ್ತಕ ಇವರ ಕೈಗೆ! ಈಗ ಮೊದಲ ಆರು ವಾರ ಹುಡುಗಿಯರಷ್ಟೇ. ಕೈ ಕುದುರಿದ ಮೇಲೆ ಯಾರು ಬಂದರೂ ಇವರು ಬಿಟ್ಟುಕೊಡೋಲ್ಲ. ರಿಪೇರಿಯಾದ ಸಾಮಾನನ್ನು ಅದರ ಯಜಮಾನರಿಗೆ ಹುಡುಗಿಯೇ ಒಪ್ಪಿಸಿ, ಏನು ಕೆಟ್ಟಿತ್ತು ಅಂತ ವಿವರಿಸಬೇಕು. ಪಕ್ಕದಲ್ಲಿ ನಿಂತ ಅಪ್ಪನ ಅನುಮಾನ ಅರ್ಧ ಅಲ್ಲೇ ಕರಗುತ್ತೆ. ಮೊದಲ ದಿನ ಯಾರಿಗೆ ಯಾವ ಸಾಮಾನು ಕೊಡಬೇಕು ಅನ್ನೋದು ಮಾತ್ರ ನನ್ನ ಗುಟ್ಟು, ಕೇಳಬೇಡಿ.

ಈಗ ಮೂವತ್ತರಲ್ಲಿ ಇಪ್ಪತ್ತೈದಾದರೂ ಕೊನೆತನಕ ಉಳೀತಾರೆ. ಇಲ್ಲಿವರೆಗೆ ಹನ್ನೊಂದೋ ಹನ್ನೆರಡೋ ಜನ ಎಂಜಿನಿಯರಿಂಗ್ ಸೇರಿದ್ದಾರೆ. ಜೂನ್ 23, ಎಂಜಿನಿಯರಿಂಗ್ ಮಹಿಳೆಯರ ಅಂತರರಾಷ್ಟ್ರೀಯ ದಿನ ಬಂತೆಂದರೆ ಭಾಷಣಕ್ಕೆ ಕರೀತಾರೆ. ಭಾಷಣ ಬೇಡ, ಒಂದು ಚೀಲ ಕೆಟ್ಟ ಸಾಮಾನು ಕೊಡಿ ಅಂತೀನಿ.

ಯಾಕಂದರೆ ಪರಿಚಯದವರ ಮನೆಗಳಲ್ಲಿ ಕೆಟ್ಟದ್ದೇ ಉಳಿದಿಲ್ಲ. ಹೋದ ತಿಂಗಳು ಬೇರೆ ದಾರಿ ಕಾಣದೆ, ಚೆನ್ನಾಗಿದ್ದ ನನ್ನ ಇಸ್ತ್ರಿಪೆಟ್ಟಿಗೆಯ ಒಳಗಿನ ತಂತಿ ಕಿತ್ತು ಮೇಜಿನ ಮೇಲಿಟ್ಟೆ. ಹತ್ತು ನಿಮಿಷ ಆಗಿರಲಿಲ್ಲ, ‘ಮೇಡಂ, ಇದು ಕೆಟ್ಟಿದ್ದಲ್ಲ, ನೀವೇ ಕಿತ್ತಿದ್ದು’ ಅಂದರು.